ಅಡುಗೆ ಆಗಿತ್ತು, ಊಟ ಆಗಿರಲಿಲ್ಲ: ದಾವಣಗೆರೆಯ ಒಂದು ಮನೆಯ ಪ್ರಕರಣ

2025ರ ಮಾರ್ಚ್ 4, ಮಂಗಳವಾರ. ಮಧ್ಯಾಹ್ನ ಎರಡೂ ಮುಕ್ಕಾಲು. ದಾವಣಗೆರೆಯಿಂದ ನನ್ನ ತಂಗಿಯ ಮಗ ಫೋನ್ ಮಾಡಿದ. ಐದನೇ ಕ್ಲಾಸಿನ ಹುಡುಗ. ಅವತ್ತು ಜ್ವರ ಅಂತ ಶಾಲೆಗೆ ಹೋಗಿರಲಿಲ್ಲ.

“ದೊಡ್ಡಮ್ಮಾ, ಅಜ್ಜನ ಅಂಗಿ ಪೂರ್ತಿ ಒದ್ದೆ ಆಗೈತೆ. ಕೈ ನಡುಗ್ತೈತೆ. ಏನ್ ಕೇಳಿದ್ರೂ ಸರಿಯಾಗಿ ಹೇಳ್ತಿಲ್ಲ. ಅಮ್ಮ ಫೋನ್ ಎತ್ತುತ್ತಿಲ್ಲ.”

ಅಜ್ಜ ಅಂದರೆ ನನ್ನ ತಂಗಿಯ ಮಾವ. ಅವರಿಗೆ 72 ವರ್ಷ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ಮೇಲಿದ್ದಾರೆ. ಊಟ ಆಯ್ತಾ ಅಂತ ಕೇಳಿದೆ. “ಇಲ್ಲ, ಅಮ್ಮ ಇನ್ನೂ ಬಂದಿಲ್ಲ” ಅಂದ. ಮನೆಯಲ್ಲಿ ಸಕ್ಕರೆ ನೋಡುವ ಮೀಟರ್ ಇತ್ತು. ಅಜ್ಜಿ ಪಕ್ಕದಲ್ಲಿ ಕೂತು ಹೇಳಿಕೊಟ್ಟರು, ಹುಡುಗ ಬೆರಳು ಚುಚ್ಚಿ ನೋಡಿದ. 58. ಎಪ್ಪತ್ತಕ್ಕಿಂತ ಕೆಳಗೆ ಇಳಿದರೇ ಕಡಿಮೆ ಅಂತ ಲೆಕ್ಕ. ಅರ್ಧ ಲೋಟ ನೀರಿಗೆ ಮೂರು ಚಮಚ ಸಕ್ಕರೆ ಕಲಸಿ ಕುಡಿಸು ಅಂದೆ. ಎಚ್ಚರ ಇದ್ದರು, ನುಂಗುತ್ತಿದ್ದರು. ಹಾಗಾಗಿ ಕುಡಿಸಲು ಹೇಳಿದೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ನೇರ ಆಸ್ಪತ್ರೆಗೆ ಒಯ್ಯಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದ. 84. ಆಮೇಲೆ ಎರಡು ಬಾಳೆಹಣ್ಣು ಕೊಟ್ಟ. ಅಷ್ಟೊತ್ತಿಗೆ ತಂಗಿ ಬಂದಳು.

ಚಿತ್ರದುರ್ಗದಲ್ಲಿ ಜನರಿಗೆ ಆಹಾರ ಸಲಹೆ ಕೊಡುವುದೇ ನನ್ನ ಕೆಲಸ. ಅರವತ್ತು ಕಿಲೋಮೀಟರ್ ಆಚೆ ನನ್ನ ತಂಗಿಯ ಮನೆಯಲ್ಲೇ ಹೀಗಾಯಿತು. ಅದಕ್ಕಿಂತ ಜಾಸ್ತಿ ಕಾಡಿದ ವಿಷಯ ಒಂದಿದೆ. ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಊಟ ಇತ್ತು. ಬೆಳಿಗ್ಗೆ ಎಂಟೂವರೆಗೇ ಅನ್ನ, ಸಾರು, ಬೀನ್ಸ್ ಪಲ್ಯ ಆಗಿತ್ತು. ಎಲ್ಲ ಕಟ್ಟೆ ಮೇಲೇ ಇತ್ತು.

ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು, ಬರೆದಿಲ್ಲ.

ಕೈ ಮುರಿದದ್ದು ಅತ್ತೆಗೆ, ನಿಂತದ್ದು ಅಡುಗೆಮನೆ

ನಿಟ್ಟುವಳ್ಳಿ ಕಡೆ ಮನೆ. ಒಟ್ಟು ಆರು ಜನ. ತಂಗಿ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಅವಳ ಗಂಡನದು ಮೆಕ್ಕೆಜೋಳದ ವ್ಯಾಪಾರ, ಬೆಳಗಾದರೆ ಎಪಿಎಂಸಿ. ಮಗಳು ಆ ವರ್ಷ ಎಸ್ಸೆಸ್ಸೆಲ್ಸಿ. ಮಗ ಐದನೇ ಕ್ಲಾಸು. ಮಾವ, ಅತ್ತೆ.

ಆ ಮನೆಯ ಅಡುಗೆ ನಡೆಯುತ್ತಿದ್ದದ್ದು ಅತ್ತೆಯ ಬಲಗೈ ಮೇಲೆ. ಅವರಿಗೆ 68 ವರ್ಷ. ದಿನಾ ಹದಿನೈದು ರೊಟ್ಟಿ ತಟ್ಟುತ್ತಿದ್ದರು. ಯಾವ ಕಾಳು ಯಾವಾಗ ನೆನೆಸಬೇಕು, ಶೇಂಗಾ ಎಷ್ಟು ಉಳಿದಿದೆ, ಮೊಸರಿಗೆ ಹೆಪ್ಪು ಹಾಕಿದ್ದೇವಾ, ಎಲ್ಲ ಅವರ ತಲೆಯಲ್ಲೇ ಇತ್ತು. ಫೆಬ್ರವರಿ 16ರ ಭಾನುವಾರ ಬಚ್ಚಲಲ್ಲಿ ಜಾರಿ ಬಿದ್ದರು. ಬಲ ಮಣಿಕಟ್ಟು ಮುರಿಯಿತು. ಆರು ವಾರ ಪಟ್ಟಿ.

ಆ ಆರು ವಾರ ಎಂಥವು ಅಂತ ನೋಡಿ. ಬ್ಯಾಂಕಿನಲ್ಲಿ ವರ್ಷದ ಲೆಕ್ಕ ಮುಗಿಸುವ ಕಾಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 21ರಿಂದ ಏಪ್ರಿಲ್ 4ರವರೆಗೆ. ನಡುವೆ 30ಕ್ಕೆ ಯುಗಾದಿ. ಹೊರಗೆ ದಾವಣಗೆರೆಯ ಬಿಸಿಲು. ಒಂದು ವಾರದಲ್ಲೇ ತಂಗಿ ಸೋತು ಹೋದಳು. ಬೆಳಿಗ್ಗೆ ಇಡ್ಲಿ ಪಾರ್ಸೆಲ್, ಇಲ್ಲವೇ ಬೆಣ್ಣೆ ದೋಸೆ. ಸಂಜೆ ಖಾರ ಮಂಡಕ್ಕಿ, ಮಿರ್ಚಿ. ರಾತ್ರಿ ಮತ್ತೆ ಅನ್ನ, ಸಾರು. ಬೆಣ್ಣೆ ದೋಸೆ ನಮ್ಮೂರಿನ ಹೆಮ್ಮೆ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಅದು ವಾರಕ್ಕೆ ನಾಲ್ಕು ದಿನ ಮನೆಗೆ ಬಂದರೆ, ಸಕ್ಕರೆ ಮತ್ತು ಬಿ.ಪಿ. ಎರಡೂ ಇರುವ 72ರ ಮನುಷ್ಯನಿಗೆ ಆಗಿಬರುವುದಿಲ್ಲ.

ನಾನು ಕಳಿಸಿದ ಚಾರ್ಟು

ಫೆಬ್ರವರಿ 23ಕ್ಕೆ ಅತ್ತೆಯನ್ನು ನೋಡಲು ಹೋಗಿದ್ದೆ. ಪರಿಸ್ಥಿತಿ ನೋಡಿ ಮರುಕವಾಯಿತು. ವಾಪಸ್ ಬಂದವಳೇ ರಾತ್ರಿ ಕೂತು ಒಂದು ವಾರದ ಚಾರ್ಟ್ ಮಾಡಿದೆ. ಏಳು ದಿನ, ಇಪ್ಪತ್ತೊಂದು ಊಟ, ಒಂದೂ ಎರಡು ಸಲ ಬರುವಂತಿಲ್ಲ. ಮಾವನಿಗೆ ಬೇರೆ ಸಾಲು, ಅತ್ತೆಗೆ ಮೂಳೆ ಕೂಡಲಿ ಅಂತ ಬೇರೆ ಸಾಲು, ಮಕ್ಕಳಿಗೆ ಬೇರೆ. ಸೋಮವಾರ ರಾಗಿ ದೋಸೆ, ಮಂಗಳವಾರ ನವಣೆ ಬಿಸಿಬೇಳೆ ಬಾತ್, ಹೀಗೆ. ವಾಟ್ಸ್ಯಾಪಿನಲ್ಲಿ ಕಳಿಸಿದೆ. ಮಗಳಿಗೆ ಹೇಳಿದೆ: “ಪುಟ್ಟಾ, ದಿನಾ ಏನೇನು ತಿಂದಿರಿ ಅಂತ ನಿನ್ನ ನೋಟ್‌ಬುಕ್ ಹಿಂದುಗಡೆ ಬರೆದಿಡು.”

ಗುರುವಾರ ರಾತ್ರಿ ತಂಗಿ ಫೋನ್ ಮಾಡಿದಳು. “ಅಕ್ಕಾ, ನಿನ್ನ ಚಾರ್ಟ್ ಭಾಳ ಚೆನ್ನಾಗೈತೆ. ಮಾಡೋರ್ಯಾರು?”

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪೌಷ್ಟಿಕಾಂಶದ ಲೆಕ್ಕದಲ್ಲಿ ಆ ಚಾರ್ಟಿನಲ್ಲಿ ತಪ್ಪು ಹುಡುಕಲು ಆಗುವುದಿಲ್ಲ. ಆದರೆ ಒಂದು ಬೆಳಿಗ್ಗೆಗೆ ಮೂರು ಥರದ ಅಡುಗೆ ಬೇಕಿತ್ತು. ಹಿಟ್ಟು ರುಬ್ಬಲು ಹಿಂದಿನ ರಾತ್ರಿಯೇ ನೆನಪಿರಬೇಕಿತ್ತು. ಎಲ್ಲವೂ ಬ್ಯಾಂಕಿನಿಂದ ರಾತ್ರಿ ಎಂಟಕ್ಕೆ ಬರುವ ಒಬ್ಬಳ ತಲೆ ಮೇಲೆ. ಅವಳಿಗೆ ಸಹಾಯ ಮಾಡಲು ಹೋಗಿ ಇನ್ನೊಂದು ಕೆಲಸ ಹೊರಿಸಿದ್ದೆ.

ಮಗಳು ಮಾತ್ರ ಹೇಳಿದ ಹಾಗೆ ಬರೆದಿದ್ದಳು. ಭಾನುವಾರ ಫೋಟೋ ಕಳಿಸಿದಳು. ಒಂದು ವಾರದಲ್ಲಿ ಒಂಬತ್ತು ಹೊತ್ತು ಹೊರಗಿನದು. ಸೊಪ್ಪು ಒಂದೇ ದಿನ. ಕಾಳು ಎರಡು ದಿನ. ಸಂಜೆ ಮಿರ್ಚಿ ಅಥವಾ ಬೇಕರಿ ತಿಂಡಿ ಐದು ದಿನ. ನಾನು ಇವನ್ನೇ ಎಣಿಸಿದೆ. ಪಕ್ಕದಲ್ಲಿ ಅವಳು ಸಣ್ಣ ಅಕ್ಷರದಲ್ಲಿ ಇನ್ನೊಂದು ಬರೆದಿದ್ದಳು. ಅಜ್ಜ ಊಟ ಮಾಡಿದ ಹೊತ್ತು: 1.30, 1.50, 2.15, 2.10, 2.40. ಅದರ ಮೇಲೆ ನನ್ನ ಕಣ್ಣು ಬಿದ್ದದ್ದು ಮಂಗಳವಾರದ ಆ ಫೋನ್ ಆದ ಮೇಲೆ.

ಕುಕ್ಕರಿನ ಮುಚ್ಚಳ

ಮಾರ್ಚ್ 8 ಎರಡನೇ ಶನಿವಾರ, ತಂಗಿಗೆ ರಜೆ. ಶುಕ್ರವಾರ ಸಂಜೆಯೇ ಹೋದೆ. ಈ ಸಲ ಚಾರ್ಟ್ ಒಯ್ಯಲಿಲ್ಲ. ಅಡುಗೆಮನೆ ಬಾಗಿಲಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಕೂತು ಸುಮ್ನೆ ನೋಡಿದೆ.

ಮೊದಲು ಕೇಳಿದ್ದು ಮಂಗಳವಾರದ ಬಗ್ಗೆ. ಅಡುಗೆ ಇತ್ತಲ್ಲ, ಯಾಕೆ ಊಟ ಮಾಡಲಿಲ್ಲ? ಅತ್ತೆ ಮುಖ ಕೆಳಗೆ ಹಾಕಿದರು. “ಒಂದ್ ಕೈಲಿ ಕುಕ್ಕರ್ ಮುಚ್ಚಳ ತೆಗೆಯಾಕೆ ಬರಲಿಲ್ಲಮ್ಮ. ಇವರಿಗೆ ಹೇಳಾಕೆ ಸಂಕೋಚ ಆಯ್ತು.” ಮಾವನವರು ಹೇಳಿದ್ದು: “ನಾನು ಯಾವತ್ತೂ ಅಡಿಗಿ ಮನಿಗೆ ಹೋದವನಲ್ಲ. ಸೊಸಿ ಬರ್ತಾಳಲ್ಲ ಅಂತ ಕುಂತಿದ್ದೆ.”

ಈ ಪ್ರಕರಣದ ಗಂಟು ಇಲ್ಲೇ ಇತ್ತು. ನಾವು ಊಟದ ಯೋಜನೆ ಅಂದರೆ ಏನು ಬೇಯಿಸಬೇಕು ಅಂತ ಯೋಚಿಸುತ್ತೇವೆ. ಬೇಯಿಸಿದ್ದು ತಟ್ಟೆಗೆ ಬರುವ ತನಕ ಯಾರ ಕೈ, ಎಷ್ಟು ಹೊತ್ತಿಗೆ, ಅದನ್ನು ಯೋಚಿಸುವುದಿಲ್ಲ. ಅಷ್ಟು ವರ್ಷ ಅದನ್ನು ಅತ್ತೆಯ ಕೈ ಮಾಡುತ್ತಿತ್ತು, ಹಾಗಾಗಿ ಅದು ಕೆಲಸ ಅಂತಲೇ ಯಾರಿಗೂ ಕಂಡಿರಲಿಲ್ಲ. ಮಾತ್ರೆ ಎಂಟೂವರೆಗೆ. ಅವತ್ತು ತಿಂಡಿ ಅರ್ಧ ದೋಸೆ. ಊಟ ಮೂರಕ್ಕೆ ಹತ್ತಿರ. ಸಕ್ಕರೆ ಇಳಿಯದೆ ಇನ್ನೇನಾಗುತ್ತದೆ?

ಇನ್ನೊಂದು ಅಪಾಯವೂ ಅಲ್ಲೇ ಇತ್ತು. ಬೆಳಿಗ್ಗೆ ಎಂಟೂವರೆಗೆ ಮಾಡಿದ ಅನ್ನ ಮಾರ್ಚ್ ಬಿಸಿಲಲ್ಲಿ ಕಟ್ಟೆ ಮೇಲೆ ಆರು ತಾಸು ಕೂತಿರುತ್ತಿತ್ತು. ಬೆಂದ ಅನ್ನದಲ್ಲಿ ಬೇಯುವಾಗಲೂ ಸಾಯದೆ ಉಳಿಯುವ ಬ್ಯಾಕ್ಟೀರಿಯಾದ ಬೀಜಕಗಳಿರುತ್ತವೆ. ಉಗುರುಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಎರಡು ತಾಸಿನೊಳಗೆ ತಿನ್ನಬೇಕು, ಇಲ್ಲ ಫ್ರಿಜ್ಜಿಗೆ ಹೋಗಬೇಕು. ಆ ವಾರ ಹುಡುಗನಿಗೆ ಹೊಟ್ಟೆನೋವೂ ಇತ್ತು, ಅದಕ್ಕೆ ಇದೇ ಕಾರಣ ಅಂತ ಹೇಳಲಾರೆ. ಆದರೆ ಭಯ ಮಾತ್ರ ಆಯಿತು.

ಶನಿವಾರ ಬೆಳಿಗ್ಗೆ ಫ್ರಿಜ್ ತೆಗೆದೆ. ಕೆಳಗಿನ ಡಬ್ಬದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಎರಡು ಕಟ್ಟು ಮೆಂತ್ಯ ಸೊಪ್ಪು. ಕಟ್ಟಿದ ದಾರ ಕೂಡ ಬಿಚ್ಚಿರಲಿಲ್ಲ. ಎಲೆ ಹಳದಿಯಾಗಿ, ಅಡಿಯಲ್ಲಿ ನೀರು ಬಿಟ್ಟು ಲೋಳೆಯಾಗಿತ್ತು. ತಂಗಿ ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು. “ಸೋಮವಾರ ತಂದಿದ್ದೆ ಅಕ್ಕಾ. ನಾಳೆ ಸೋಸ್ತೀನಿ, ನಾಳೆ ಸೋಸ್ತೀನಿ ಅಂತ…” ಸೊಪ್ಪು ತಿನ್ನಿ ಅಂತ ನಾನು ಎಷ್ಟು ಸಾವಿರ ಸಲ ಹೇಳಿರಬಹುದು. ಅದನ್ನು ಸೋಸಲು ಇಪ್ಪತ್ತು ನಿಮಿಷ ಬೇಕು, ಕೂತು ಮಾಡುವ ಒಬ್ಬರು ಬೇಕು ಅನ್ನುವುದನ್ನು ಒಂದು ಸಲವೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ರೊಟ್ಟಿ ಕೊಂಡು ತರುವ ಮಾತು

ಶನಿವಾರ ಮಧ್ಯಾಹ್ನ ಆರೂ ಜನರನ್ನು ಒಟ್ಟಿಗೆ ಕೂರಿಸಿದೆವು. ನಾನು ಒಂದೇ ಪ್ರಶ್ನೆ ಕೇಳಿದೆ: ಅವಳು ಮಾಡದಿದ್ದರೂ ನಡೆಯುವ ಕೆಲಸ ಯಾವುದು? ಪಟ್ಟಿ ಬೆಳೆಯುತ್ತಾ ಹೋಯಿತು. ತರಕಾರಿ ತರುವುದು ಗಂಡ. ಅವರು ಹೇಗೂ ಕೆ.ಆರ್. ಮಾರುಕಟ್ಟೆ ಕಡೆ ಹೋಗಿಬರುತ್ತಾರೆ. ಸೊಪ್ಪು ಸೋಸುವುದು ಅತ್ತೆ ಮತ್ತು ಮೊಮ್ಮಗ. ಎಡಗೈಯಲ್ಲಿ ಎಲೆ ಕೀಳಲು ಬರುತ್ತದೆ. ಕಾಳು ನೆನೆಸುವುದು ಮಗಳು, ರಾತ್ರಿ ಓದು ಮುಗಿಸಿ ಮಲಗುವ ಮುಂಚೆ. ಅದು ಎರಡು ನಿಮಿಷದ ಕೆಲಸ.

ರೊಟ್ಟಿಯ ಮಾತು ಬಂದಾಗ ಮಾತ್ರ ಮನೆ ಗಪ್ಪಾಯಿತು. ಎರಡು ಬೀದಿ ಆಚೆ ಒಬ್ಬರು ಹೆಣ್ಣುಮಗಳು ರೊಟ್ಟಿ ಮಾಡಿ ಮಾರುತ್ತಾರೆ. ಒಂದಕ್ಕೆ ಎಂಟು ರೂಪಾಯಿ. ಅವರ ಹತ್ತಿರ ತರೋಣ ಅಂದೆ.

ಅತ್ತೆ ತಟ್ಟನೆ ಹೇಳಿದರು. “ಮನ್ಯಾಗೆ ಸೊಸಿ ಇಟ್ಕಂಡು ರೊಟ್ಟಿ ಕೊಂಡು ತರಾದಾ? ನಂಟರು ಏನಂದಾರು?”

ಇದನ್ನು ಹಳೇ ಕಾಲದವರ ಹಠ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರಲಿಲ್ಲ. ಐವತ್ತು ವರ್ಷ ಆ ಮನೆಗೆ ರೊಟ್ಟಿ ತಟ್ಟಿದ ಕೈ ಅದು. ಕೊಂಡ ರೊಟ್ಟಿ ಬಂದರೆ ತನ್ನ ಜಾಗ ಹೋಯಿತು ಅಂತ ಅನಿಸುವುದು ಸಹಜ, ಅಲ್ವಾ? ನಾನು ಅವರ ಪಕ್ಕ ಕೂತೆ. “ಅಮ್ಮಾ, ರೊಟ್ಟಿ ಯಾರಾದ್ರೂ ತಟ್ಟಬಹುದು. ನಿಮ್ಮ ಶೇಂಗಾ ಚಟ್ನಿ ಪುಡಿ ಅಳತೆ ಈ ಮನೇಲಿ ಯಾರಿಗೂ ಗೊತ್ತಿಲ್ಲ. ಕೈ ಸರಿಯಾಗೋ ತನಕ ಅದನ್ನ ಬಾಯಲ್ಲಿ ಹೇಳಿ, ಮಾಡೋ ಕೈ ನಾವು ಕೊಡ್ತೀವಿ” ಅಂದೆ. ಅವರು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ರೊಟ್ಟಿ ತೆಳ್ಳಗಿರಬೇಕು ಅಂತ ಹೇಳ್ರಿ” ಅಂದರು. ಅಷ್ಟಕ್ಕೆ ಒಪ್ಪಿಗೆ ಸಿಕ್ಕಿತು.

ವಾರಕ್ಕೆ ಮೂರು ದಿನ ಹನ್ನೆರಡು ಮೆತ್ತನೆ ರೊಟ್ಟಿ. ಜೊತೆಗೆ ಒಂದು ಕಟ್ಟು ಖಡಕ್ ರೊಟ್ಟಿ, ಗಾಳಿಯಾಡದ ಡಬ್ಬದಲ್ಲಿ. ಮೆತ್ತನೆ ರೊಟ್ಟಿಗೆ ವಾರಕ್ಕೆ 288 ರೂಪಾಯಿ. ಮಗಳ ನೋಟ್‌ಬುಕ್ ವಾರದಲ್ಲಿ ಹೊರಗಿನ ತಿಂಡಿಗೆ ಹೋದದ್ದು ಎರಡು ಸಾವಿರಕ್ಕೂ ಮೇಲೆ. ತಂಗಿಯ ಗಂಡ ಈ ಲೆಕ್ಕ ನೋಡಿ, “ಅಕ್ಕಾ, ಇದನ್ನ ಮೊದಲೇ ಹೇಳಬಾರದಿತ್ತಾ” ಅಂದರು.

ಒಂದೇ ಒಲೆ, ಬೇರೆ ಬೇರೆ ತಟ್ಟೆ

ಎರಡನೇ ಯೋಜನೆಯಲ್ಲಿ ಮಾವನಿಗೆ ಬೇರೆ ಅಡುಗೆ ಇಲ್ಲ. ಯಾರಿಗೂ ಬೇರೆ ಅಡುಗೆ ಇಲ್ಲ. ರೊಟ್ಟಿ, ಒಂದು ಪಲ್ಯ, ಒಂದು ಕಾಳು, ಮೊಸರು, ಅನ್ನ. ಬದಲಾಗುವುದು ತಟ್ಟೆಯ ಅಳತೆ. ಮಾವನ ತಟ್ಟೆಯ ಅರ್ಧ ಪಲ್ಯ ಮತ್ತು ಹಸಿ ತರಕಾರಿ, ಕಾಲು ಭಾಗ ಕಾಳು, ಇನ್ನು ಕಾಲು ಭಾಗದಲ್ಲಿ ರೊಟ್ಟಿ ಅಥವಾ ಅನ್ನ. ಓದುವ ಹುಡುಗಿಗೆ ರೊಟ್ಟಿ ಆದ ಮೇಲೆ ಅನ್ನವೂ ಇರಲಿ. ಅತ್ತೆಗೆ ರಾತ್ರಿ ಹಾಲು, ಮಧ್ಯಾಹ್ನ ಜಾಸ್ತಿ ಮೊಸರು, ಬೆಳಿಗ್ಗೆ ರಾಗಿ ಅಂಬಲಿ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗಿಂತ ಜಾಸ್ತಿ ಸುಣ್ಣದಂಶ ಇದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಬೆಳಗಿನ ಎಳೆಬಿಸಿಲಲ್ಲಿ ಜಗಲಿ ಮೇಲೆ ಕೂತೇ ಸೊಪ್ಪು ಸೋಸಿ ಅಂದೆ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊಸ ಮಾರ್ಗಸೂಚಿ ಹೊರತಂದಿತು. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ತರಕಾರಿ, ಸೊಪ್ಪು ಸೇರಿ 400 ಗ್ರಾಂ ಬೇಕು ಅನ್ನುತ್ತದೆ ಅದು. ಸರಿಯಾದ ಮಾತೇ. ಆದರೆ ಆರು ಜನಕ್ಕೆ ಅದು ದಿನಕ್ಕೆ ಎರಡು ಕಿಲೋ ಮೇಲಾಗುತ್ತದೆ. ಮಾರ್ಚ್ ತಿಂಗಳಲ್ಲಿ ತಂಗಿಗೆ ಈ ಲೆಕ್ಕ ಒಪ್ಪಿಸಿದರೆ ಅವಳು ಕೈ ಚೆಲ್ಲುತ್ತಾಳೆ. ಹಾಗಾಗಿ ಗ್ರಾಂ ಬಿಟ್ಟು ಒಂದೇ ಮಾತು ಹೇಳಿದೆ: ಮಧ್ಯಾಹ್ನ, ರಾತ್ರಿ ಎರಡು ಹೊತ್ತೂ ತಟ್ಟೆಯಲ್ಲಿ ಒಂದು ಹಸಿರು, ಒಂದು ಕಾಳು ಇರಲಿ. ಸೌತೆಕಾಯಿ ಹೆಚ್ಚಿ ಇಟ್ಟರೂ ಲೆಕ್ಕಕ್ಕೆ ಬರುತ್ತದೆ. ಹಕ್ಕರಿಕೆ ಸೊಪ್ಪು ತೊಳೆದು ಹಸಿದೇ ಇಟ್ಟರೂ ಬರುತ್ತದೆ.

ತಿಂಡಿಯನ್ನು ಏಳು ಬಗೆಯಿಂದ ಮೂರಕ್ಕೆ ಇಳಿಸಿದೆವು. ತರಕಾರಿ ಹಾಕಿದ ಉಪ್ಪಿಟ್ಟು, ಅವಲಕ್ಕಿ, ಹೆಸರುಕಾಳಿನ ದೋಸೆ. ಅದೇ ಮೂರು ತಿರುಗುತ್ತಿರುತ್ತವೆ. ಬೇಜಾರಾಗಲ್ವಾ ಅಂತ ತಂಗಿ ಕೇಳಿದಳು. ಮಕ್ಕಳಿಗೆ ಬೇಜಾರಾಗಲಿಲ್ಲ, ಅವಳಿಗೆ ಬೆಳಿಗ್ಗೆ ಎದ್ದ ಕೂಡಲೇ ‘ಇವತ್ತು ಏನು ಮಾಡಲಿ’ ಅನ್ನುವ ಚಿಂತೆ ಮಾತ್ರ ಹೋಯಿತು. ಆ ಒಂದು ಚಿಂತೆ ಎಷ್ಟು ಭಾರ ಅನ್ನುವುದು ಹೊತ್ತವರಿಗೇ ಗೊತ್ತು.

ಸಂಜೆಯ ಮಂಡಕ್ಕಿಯನ್ನು ಬಿಡಿಸಲು ಹೋಗಲಿಲ್ಲ. ದಾವಣಗೆರೆ ಮನೆಯಲ್ಲಿ ಮಂಡಕ್ಕಿ ಬೇಡ ಅಂದರೆ ನಡೆಯುತ್ತದಾ? ಮಂಡಕ್ಕಿ ಬರೀ ಪಿಷ್ಟ, ಬೇಗ ಅರಗಿ ಸಕ್ಕರೆ ಏರಿಸುತ್ತದೆ. ಹಾಗಾಗಿ ಅದನ್ನು ಕಡಿಮೆ ಮಾಡಿ ಬೇಯಿಸಿದ ಕಾಳು, ಹುರಿದ ಶೇಂಗಾ, ಪುಠಾಣಿ, ಈರುಳ್ಳಿ, ಟೊಮೆಟೊ, ಸೌತೆಕಾಯಿ, ಲಿಂಬೆಹಣ್ಣು ಜಾಸ್ತಿ ಹಾಕಿ ಕಲಸುವುದು. ಕಲಸುವ ಕೆಲಸ ಹುಡುಗನದು. ಮಿರ್ಚಿ ಭಾನುವಾರ ಮಾತ್ರ.

ಭಾನುವಾರದ ಒಂದೂವರೆ ತಾಸು

ಮಾರ್ಚ್ 9, ಭಾನುವಾರ ಬೆಳಿಗ್ಗೆ. ಅತ್ತೆ ಕುರ್ಚಿ ಹಾಕಿಕೊಂಡು ಅಡುಗೆಮನೆ ನಡುವೆ ಕೂತರು. ಪಟ್ಟಿ ಕಟ್ಟಿದ ಕೈ ಮಡಿಲಲ್ಲಿ. ತಂಗಿಯ ಗಂಡ ಶೇಂಗಾ ಹುರಿಯುತ್ತಿದ್ದರು. “ಉರಿ ಸಣ್ಣ ಮಾಡೋ. ಸಿಪ್ಪಿ ಚಟಚಟ ಅನ್ನಬೇಕು, ಕಪ್ಪಾಗಬಾರದು.” ಮಗ ಉರಿ ಸಣ್ಣ ಮಾಡಿದರು. “ಬೆಳ್ಳುಳ್ಳಿ ಎಷ್ಟವ್ವಾ?” “ಎರಡು ಗಡ್ಡಿ. ಸಿಪ್ಪಿ ಇರಲಿ.” ಅವ್ವ ಮಗನಿಗೆ ಅಡುಗೆ ಹೇಳಿಕೊಟ್ಟದ್ದು ಅದೇ ಮೊದಲು. ಶೇಂಗಾ ಒಂದು ಡಬ್ಬ, ಅಗಸೆ ಒಂದು ಡಬ್ಬ, ಗುರೆಳ್ಳು ಒಂದು ಡಬ್ಬ. ಮಾವನ ಬಿ.ಪಿ.ಗೆ ಅಂತ ಉಪ್ಪು ಅರ್ಧ ಹಾಕಿ ಇನ್ನೊಂದು ಚಿಕ್ಕ ಡಬ್ಬ.

ಅಷ್ಟರಲ್ಲಿ ತಂಗಿ ಈರುಳ್ಳಿ, ಟೊಮೆಟೊ ಹುರಿದು ಎರಡು ಡಬ್ಬ ಮಾಡಿದಳು. ಒಂದು ಬುಧವಾರದವರೆಗೆ ಫ್ರಿಜ್ಜಿನಲ್ಲಿ, ಇನ್ನೊಂದು ಫ್ರೀಜರಿನಲ್ಲಿ. ಹೆಸರುಕಾಳು, ಮಡಿಕೆಕಾಳು ಮೊಳಕೆಗೆ ಕಟ್ಟಿದೆವು. ಸೊಪ್ಪನ್ನು ಸೋಸಿ, ತೊಳೆಯದೆ ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಟ್ಟೆವು. ಹಾಗೆ ಇಟ್ಟರೆ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ, ಬೇಯಿಸುವ ಮುಂಚೆ ತೊಳೆದರೆ ಸಾಕು.

ಕೊನೆಗೆ ಇನ್ನೊಂದು ಮಾಡಿದೆವು. ನನ್ನ ಲೆಕ್ಕದಲ್ಲಿ ಇದೇ ಮುಖ್ಯ. ಏನೂ ಕೈಲಾಗದ ದಿನಕ್ಕೆ ಒಂದು ಊಟ ಗೊತ್ತು ಮಾಡಿದೆವು: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹೆಚ್ಚಿದ ಸೌತೆಕಾಯಿ, ಈರುಳ್ಳಿ. ಒಲೆ ಹಚ್ಚುವ ಹಾಗಿಲ್ಲ. ತಂಗಿಗೆ ಇದು ಊಟ ಅಂತಲೇ ಅನಿಸಲಿಲ್ಲ. “ಹೊಲಕ್ಕೆ ಕಟ್ಟಿಕೊಂಡು ಹೋಗೋ ಬುತ್ತಿ ಇದು” ಅಂದಳು. ಅವಳ ಎದುರಿಗೇ ಲೆಕ್ಕ ಹಾಕಿದೆ. ಎರಡು ಜೋಳದ ರೊಟ್ಟಿಗೆ ಸುಮಾರು ನೂರು ಗ್ರಾಂ ಹಿಟ್ಟು, ಅದರಲ್ಲಿ ಹತ್ತು ಗ್ರಾಂ ಪ್ರೋಟೀನು. ಎರಡು ದೊಡ್ಡ ಚಮಚ ಚಟ್ನಿ ಪುಡಿಯಲ್ಲಿ ನಾಲ್ಕೈದು ಗ್ರಾಂ. ಒಂದು ಬಟ್ಟಲು ಮೊಸರಲ್ಲಿ ಇನ್ನೊಂದು ಐದು. ಇಪ್ಪತ್ತು ಗ್ರಾಂ ಹತ್ತಿರ ಬಂತು. ನಾರಿನಂಶ ಧಾರಾಳ. ಅನ್ನ, ತಿಳಿಸಾರಿನ ತಟ್ಟೆಗಿಂತ ಇದು ಎಷ್ಟೋ ವಾಸಿ. ಹೊಲದಲ್ಲಿ ಹಗಲಿಡೀ ದುಡಿದವರನ್ನು ಹಿಡಿದು ನಿಲ್ಲಿಸಿದ ಊಟ ಅದು. ಬ್ಯಾಂಕಿನಲ್ಲಿ ಹಗಲಿಡೀ ದುಡಿದವಳಿಗೆ ಯಾಕೆ ಸಾಲದು?

ಮಾವನ ಊಟದ ಹೊತ್ತನ್ನು ಬೇರೆಯಾಗಿ ಗಟ್ಟಿ ಮಾಡಿದೆವು. ಮಧ್ಯಾಹ್ನಕ್ಕೆ ಅನ್ನ ಇಲ್ಲ, ಅದು ರಾತ್ರಿಗೆ. ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಡಬ್ಬದಲ್ಲಿ. ಪಲ್ಯ, ಕಾಳು ಬಿಸಿ ಇರುವಾಗಲೇ ಬಿಸಿ ಉಳಿಸುವ ಸ್ಟೀಲ್ ಡಬ್ಬಕ್ಕೆ. ಒಂದು ಕೈಯಲ್ಲಿ ತೆಗೆಯಲು ಬರುವ ಮುಚ್ಚಳ ನೋಡಿಯೇ ಡಬ್ಬ ತಂದದ್ದು. ಊಟದ ಮೇಜಿನ ಮೇಲೆ ತಟ್ಟೆ, ಸೌಟು, ನೀರು. ಮೊಸರು ಮಾತ್ರ ಫ್ರಿಜ್ಜಿನಲ್ಲಿ. ಒಂದು ಗಂಟೆಗೆ ಮಾವನ ಫೋನಿನಲ್ಲಿ ಅಲಾರಂ. ಮಂಗಳವಾರ ನಡೆದದ್ದನ್ನು ಡಾಕ್ಟರಿಗೆ ಹೇಳಿ ಬಂದರು, ಅವರು ಮಾತ್ರೆ ಬದಲಿಸಿದರು. ಊಟದ ಯೋಜನೆ ಎಷ್ಟೇ ಚೆನ್ನಾಗಿರಲಿ, ಮಾತ್ರೆಯ ವಿಷಯ ಡಾಕ್ಟರ್ ಹೇಳಿದಂತೆಯೇ ನಡೆಯಬೇಕು.

ಸೋಮವಾರ ಒಂದು ಗಂಟೆಗೆ ನಾನಿನ್ನೂ ಅಲ್ಲೇ ಇದ್ದೆ. ಎದ್ದು ಹೋಗಿ ಬಡಿಸಬಾರದು ಅಂತ ಕೈ ಕಟ್ಟಿ ಕೂತಿದ್ದೆ. ಅಲಾರಂ ಹೊಡೆಯಿತು. ಮಾವನವರು ಎದ್ದರು. ಡಬ್ಬ ತೆಗೆದರು. ಮೊದಲು ಅತ್ತೆಯ ತಟ್ಟೆಗೆ ರೊಟ್ಟಿ ಹಾಕಿ, ಒಂದು ಕೈಲಿ ಮುರಿಯಲು ಆಗಲ್ಲ ಅಂತ ತುಂಡು ಮಾಡಿ ಇಟ್ಟರು. ಪಲ್ಯ ಹಾಕುವಾಗ ಸೌಟು ಸ್ವಲ್ಪ ಮೇಜಿನ ಮೇಲೆ ಚೆಲ್ಲಿತು. ಅತ್ತೆ ಮುಖ ಆ ಕಡೆ ತಿರುಗಿಸಿ “ಸಾಕು, ಸಾಕು” ಅಂದರು. ಅವರ ಕಿವಿ ತನಕ ಕೆಂಪಾಗಿತ್ತು.

ಪರೀಕ್ಷೆ, ಯುಗಾದಿ, ಮೂವತ್ತೊಂದು

ಮಗಳು ಸದಾ ಸುಸ್ತು ಅನ್ನುತ್ತಿದ್ದಳು. ಪರೀಕ್ಷೆಯ ಒತ್ತಡ ಅಂತ ಎಲ್ಲರೂ ಅಂದುಕೊಂಡಿದ್ದೆವು. ರಕ್ತ ನೋಡಿಸಿದರೆ ಹಿಮೋಗ್ಲೋಬಿನ್ 11.2. ಆ ವಯಸ್ಸಿನ ಹುಡುಗಿಗೆ 12 ಆದರೂ ಇರಬೇಕು. ಡಾಕ್ಟರ್ ಕಬ್ಬಿಣದ ಮಾತ್ರೆ ಕೊಟ್ಟರು. ನಾವು ಮಾಡಿದ್ದು ಎರಡೇ: ಕಾಳು, ಸೊಪ್ಪಿನ ಮೇಲೆ ಲಿಂಬೆರಸ ಹಿಂಡುವುದು, ಊಟದ ಜೊತೆ ಚಹಾ ನಿಲ್ಲಿಸುವುದು. ಲಿಂಬೆ ಕಬ್ಬಿಣವನ್ನು ಮೈಗೆ ಹಿಡಿಸುತ್ತದೆ, ಚಹಾ ತಡೆಯುತ್ತದೆ. ಓದುವಾಗ ನಿದ್ದೆ ಬಾರದಿರಲಿ ಅಂತ ಅವಳು ದಿನಕ್ಕೆ ನಾಲ್ಕು ಚಹಾ ಕುಡಿಯುತ್ತಿದ್ದಳು, ಎರಡಕ್ಕೆ ಬಂತು. ಪರೀಕ್ಷೆ ದಿನಗಳಲ್ಲಿ ಹೊಸ ತಿಂಡಿ ಏನೂ ಬೇಡ ಅಂದೆ. ದಿನಾ ತಿನ್ನುವ ಅವಲಕ್ಕಿ, ಶೇಂಗಾ, ಒಂದು ಬಾಳೆಹಣ್ಣು. ವಾಪಸ್ ಬಂದ ಮೇಲೆ ಮಜ್ಜಿಗೆ, ರೊಟ್ಟಿ, ಕಾಳು.

ಮಾರ್ಚ್ 28ಕ್ಕೆ ಅತ್ತೆಯ ಪಟ್ಟಿ ಬಿಚ್ಚಿದರು. ಕೈ ಬಿಗಿದುಕೊಂಡಿತ್ತು, ಬೆರಳು ಮಡಚಲು ಬರುತ್ತಿರಲಿಲ್ಲ. 30ಕ್ಕೆ ಯುಗಾದಿ. ಹೋಳಿಗೆ ಇಲ್ಲದ ಯುಗಾದಿಗೆ ಅತ್ತೆ ಒಪ್ಪುವುದಿಲ್ಲ, ನಾನು ಬೇಡ ಅನ್ನಲೂ ಇಲ್ಲ. ಹೂರಣ ಮಾತ್ರ ಮನೆಯಲ್ಲಿ ಮಾಡಿ, ಲಟ್ಟಿಸುವುದಕ್ಕೆ ಪಕ್ಕದ ಮನೆಯವರು ಬಂದರು. ಮಾವ ಒಂದು ಹೋಳಿಗೆ ತಿಂದರು, ಅವತ್ತು ಅನ್ನ ಬಿಟ್ಟರು. ವರ್ಷಕ್ಕೊಮ್ಮೆ ಬರುವ ಹಬ್ಬದ ದಿನ ವಯಸ್ಸಾದವರನ್ನು ಸುಮ್ನೆ ನೋಡುತ್ತಾ ಕೂರಿಸುವ ಪಥ್ಯದಲ್ಲಿ ನನಗೆ ನಂಬಿಕೆ ಇಲ್ಲ.

31ರ ರಾತ್ರಿ ತಂಗಿ ಮನೆಗೆ ಬಂದದ್ದು ಹತ್ತೂವರೆಗೆ. ಆ ಮೂರು ದಿನ ಯೋಜನೆ ಅನ್ನುವುದು ಪೂರಾ ಕುಸಿದಿತ್ತು. ಭಾನುವಾರದ ಕೆಲಸ ಹಬ್ಬದಲ್ಲಿ ಕೊಚ್ಚಿಹೋಗಿತ್ತು, ಮೊಳಕೆ ಕಟ್ಟಿರಲಿಲ್ಲ, ಸೊಪ್ಪು ಬಂದಿರಲಿಲ್ಲ. ಅವಳು ಬಾಗಿಲು ತೆಗೆದಾಗ ಮೇಜಿನ ಮೇಲೆ ಒಂದು ತಟ್ಟೆ ಮುಚ್ಚಿಟ್ಟಿತ್ತು. ಖಡಕ್ ರೊಟ್ಟಿ, ಚಟ್ನಿ ಪುಡಿ, ಮೊಸರಿನ ಬಟ್ಟಲು, ದಪ್ಪದಪ್ಪ ಹೆಚ್ಚಿದ ಸೌತೆಕಾಯಿ. ಹುಡುಗ ಹೆಚ್ಚಿಟ್ಟು ಮಲಗಿದ್ದ. ಉಳಿದವರೆಲ್ಲ ಎಂಟಕ್ಕೇ ಅದನ್ನೇ ತಿಂದಿದ್ದರು. ಹೊರಗಿನಿಂದ ಏನೂ ಬಂದಿರಲಿಲ್ಲ. ಮರುದಿನ ಬೆಳಿಗ್ಗೆ ಫೋನಿನಲ್ಲಿ ಇಷ್ಟನ್ನು ಹೇಳುವಾಗ ಅವಳ ಗಂಟಲು ಕಟ್ಟಿತ್ತು.

ಏನು ಉಳಿಯಿತು

ಮಾರ್ಚ್ 10ರಿಂದ ಏಪ್ರಿಲ್ 6ರವರೆಗಿನ ನಾಲ್ಕು ವಾರ ಮಗಳ ನೋಟ್‌ಬುಕ್ಕಿನಲ್ಲಿದೆ, ಪರೀಕ್ಷೆ ದಿನಗಳಲ್ಲಿ ತಮ್ಮ ಬರೆದಿದ್ದಾನೆ. ಹೊರಗಿನ ಊಟ ವಾರಕ್ಕೆ ಎರಡು ಮೂರು ಹೊತ್ತಿಗೆ ಇಳಿಯಿತು. ಹಬ್ಬದ ವಾರ ಬಿಟ್ಟರೆ ಸೊಪ್ಪು ವಾರಕ್ಕೆ ನಾಲ್ಕು ದಿನ ಬಂತು. ಮಾವನ ಮಧ್ಯಾಹ್ನದ ಊಟ ಒಂದೂಕಾಲು ದಾಟಲಿಲ್ಲ, ಸಕ್ಕರೆ ಮತ್ತೆ ಕೆಳಗೆ ಬೀಳಲಿಲ್ಲ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಫೆಬ್ರವರಿಯಲ್ಲಿ 8.6 ಇದ್ದದ್ದು ಜೂನ್‌ನಲ್ಲಿ 7.8 ಆಯಿತು. ಮಾತ್ರೆಯೂ ಬದಲಾಗಿತ್ತು, ಹಾಗಾಗಿ ಇದೆಲ್ಲ ಊಟದಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ.

ಆಗದೆ ಉಳಿದದ್ದೂ ಇದೆ. ಹುಡುಗ ಹಾಲು ಮುಟ್ಟುವುದಿಲ್ಲ. ತಂಗಿಯ ಗಂಡ ಮಾರುಕಟ್ಟೆಯಿಂದ ಬೀನ್ಸ್, ಆಲೂಗಡ್ಡೆ ಬಿಟ್ಟರೆ ಬೇರೆ ತರಲು ಇನ್ನೂ ಹಿಂಜರಿಯುತ್ತಾರೆ. ತಂಗಿ ತನ್ನ ಮಧ್ಯಾಹ್ನದ ಊಟದ ಡಬ್ಬವನ್ನು ವಾರಕ್ಕೊಮ್ಮೆಯಾದರೂ ಮರೆತು ಹೋಗುತ್ತಾಳೆ. ಎಲ್ಲರ ತಟ್ಟೆ ನೋಡಿದ ನಾನು ಅವಳ ತಟ್ಟೆಯನ್ನು ಸರಿಯಾಗಿ ನೋಡಲಿಲ್ಲ. ಈಗ ದಿನಾ ಒಂದೂವರೆಗೆ “ಊಟ ಆಯ್ತಾ” ಅಂತ ಅವಳಿಗೆ ಮೆಸೇಜ್ ಹಾಕುತ್ತೇನೆ.

ಜೂನ್‌ನಲ್ಲಿ ಹೋದಾಗ ಅತ್ತೆಯ ಕೈ ಮುಕ್ಕಾಲು ಭಾಗ ಸರಿಯಾಗಿತ್ತು. ವ್ಯಾಯಾಮಕ್ಕೆ ಅಂತ ದಿನಾ ಎರಡು ರೊಟ್ಟಿ ತಟ್ಟುತ್ತಾರೆ, ಎರಡೇ. ನಾನು ಜಗಲಿ ಮೇಲೆ ಚಹಾ ಕುಡಿಯುತ್ತಿದ್ದಾಗ ಒಳಗಿನಿಂದ ಅವರ ಫೋನಿನ ಮಾತು ಕೇಳಿಸಿತು. “ನಾಳೆ ಹನ್ನೆರಡು ಕಳಿಸವ್ವಾ. ನಿನ್ನೆ ಒಂದೀಟು ದಪ್ಪ ಆಗಿದ್ದವು. ತೆಳ್ಳಗಿರಲಿ.”